ಏರ್‌ಲೈನ್ ಅರ್ಜಿಗೆ ಶಿಫಾರಸು ಪತ್ರ: ಯಾರ ಹತ್ತಿರ ಕೇಳೋದು, ಹೇಗೆ ಕೇಳೋದು?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಈಗ ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಹತ್ತಿರ ಇದ್ದೇನೆ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ವಿಮಾನ ಓಡಿಸಬೇಕು ಅನ್ನೋ ಆಸೆ ಆಗಲೇ ತಲೆಗೆ ಹೊಕ್ಕಿದ್ದು. ಮದುವೆ, ಮಗು, ಹತ್ತು ವರ್ಷದ ಸಾಫ್ಟ್‌ವೇರ್ ಕೆಲಸ ಎಲ್ಲ ಆಗಿ, ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಕಲಿಯೋಕೆ ಶುರು ಮಾಡಿದೆ. ಈಗ ಒಂದು ಫ್ಲೈಟ್ ಸ್ಕೂಲಿನಲ್ಲಿ ಇನ್‌ಸ್ಟ್ರಕ್ಟರ್. ಲಾಗ್‌ಬುಕ್ಕಿನಲ್ಲಿ 1,430 ಗಂಟೆ ಆಗಿದೆ. 1,500 ಮುಟ್ಟಿದರೆ ಎಟಿಪಿ, ಅಂದರೆ ಏರ್‌ಲೈನ್ ಪೈಲಟ್ ಲೈಸೆನ್ಸಿನ ಪರೀಕ್ಷೆಗೆ ಕೂರಬಹುದು. ರೀಜನಲ್ ಏರ್‌ಲೈನ್‌ಗಳಿಗೆ (ಹತ್ತಿರದ ಊರುಗಳಿಗೆ ಸಣ್ಣ ವಿಮಾನ ಓಡಿಸುವ ಕಂಪನಿಗಳು) ಈಗಲೇ ಅರ್ಜಿ ತುಂಬುತ್ತಿದ್ದೇನೆ.

ಅರ್ಜಿಯಲ್ಲಿ ಶಿಫಾರಸು ಪತ್ರ ಸೇರಿಸುವ ಜಾಗ ಬಂದ ಕೂಡಲೇ ಕೈ ನಿಂತುಹೋಯಿತು. ಯಾರನ್ನು ಕೇಳೋದು? ನಮ್ಮ ಚಿಕ್ಕಪ್ಪನಿಗೆ ಬೆಂಗಳೂರಿನಲ್ಲಿ ಒಬ್ಬ ನಿವೃತ್ತ ಕ್ಯಾಪ್ಟನ್ ಪರಿಚಯ. ತುಂಬಾ ದೊಡ್ಡ ಹೆಸರು, ಪತ್ರ ಕೊಡೋಕೆ ಒಪ್ಪಿದ್ದಾರೆ. ಆದರೆ ನಾನು ಅವರನ್ನು ನೋಡಿದ್ದು ಒಂದೇ ಸಲ, ಅದೂ ಮದುವೆ ಮನೆಯಲ್ಲಿ. ಇತ್ತ ನಮ್ಮ ಸ್ಕೂಲಿನ ಚೀಫ್ ಇನ್‌ಸ್ಟ್ರಕ್ಟರ್‌ಗೆ 26 ವರ್ಷ, ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಪತ್ರಕ್ಕೆ ಬೆಲೆ ಇರುತ್ತಾ?

ಇನ್ನೊಂದು ವಿಷಯ, ಹೇಳಿಬಿಡುತ್ತೇನೆ. ಇನ್‌ಸ್ಟ್ರುಮೆಂಟ್ ಚೆಕ್‌ರೈಡ್‌ನಲ್ಲಿ (ಹೊರಗೆ ನೋಡದೆ ಉಪಕರಣ ನೋಡಿಕೊಂಡೇ ಹಾರಿಸುವ ಪರೀಕ್ಷೆ) ಮೊದಲ ಸಲ ಫೇಲ್ ಆಗಿದ್ದೆ. ಇಳಿಯಲು ರನ್‌ವೇ ಕಡೆ ಬರುವ ಅಪ್ರೋಚ್‌ನಲ್ಲಿ ಎಂಡಿಎಗಿಂತ (ರನ್‌ವೇ ಕಾಣುವವರೆಗೆ ಇಳಿಯಬಹುದಾದ ಕನಿಷ್ಠ ಎತ್ತರ) 40 ಅಡಿ ಕೆಳಗೆ ಇಳಿದೆ. ಅಲ್ಲಿ ಒಂದಡಿಯೂ ಇಳಿಯುವ ಹಾಗಿಲ್ಲ. ಎರಡನೇ ಸಲ ಪಾಸಾಯಿತು. ಇದರ ಬಗ್ಗೆ ಪತ್ರದಲ್ಲಿ ಮಾತೇ ಬರದ ಹಾಗೆ ನೋಡಿಕೊಳ್ಳಬೇಕಾ?

ಬಲಗಡೆ ಸೀಟು:

ಅಕ್ಕಾ, ಮೊದಲು ಅಭಿನಂದನೆ. ಅರಿಜೋನಾ ಬಿಸಿಲಿನಲ್ಲಿ ಸಣ್ಣ ಸೆಸ್ನಾ ವಿಮಾನದೊಳಗೆ ಕೂತು ಅಷ್ಟು ಗಂಟೆ ಪಾಠ ಮಾಡೋದು ಸಣ್ಣ ಮಾತಲ್ಲ.

ನಾನು ಡಲ್ಲಾಸಿನಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ನಾಲ್ಕು ವರ್ಷ ರೀಜನಲ್‌ನಲ್ಲಿದ್ದು ಆಮೇಲೆ ದೊಡ್ಡ ಕಂಪನಿಗೆ ಬಂದೆ. ನೀವು ಹೇಳಿದ ದೊಡ್ಡ ಹೆಸರಿನ ಪ್ರಯೋಗ ನಾನೂ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಒಂದು ಕಂಪನಿಗೆ ಅರ್ಜಿ ಹಾಕುವಾಗ ಒಬ್ಬ ಹಿರಿಯ ಕ್ಯಾಪ್ಟನ್ ಹತ್ತಿರ ಪತ್ರ ತಗೊಂಡೆ. ಅವರ ಜೊತೆ ಹಾರಿದ್ದು ಒಂದೇ ಸಲ, ಒಂದು ಗಂಟೆ ಹತ್ತು ನಿಮಿಷ. ಪತ್ರವೇನೋ ಚೆನ್ನಾಗೇ ಇತ್ತು. ಇಂಟರ್ವ್ಯೂ ಮಾಡಿದವರು ಅವರಿಗೆ ಫೋನ್ ಹಚ್ಚಿದ್ದಾರೆ. ಅವರಿಗೆ ನನ್ನ ಮುಖವೇ ನೆನಪಿಗೆ ಬರಲಿಲ್ಲವಂತೆ. ತಪ್ಪು ಅವರದ್ದಲ್ಲ, ನೂರಾರು ಜನರ ಜೊತೆ ಹಾರಿದವರು. ಆ ಕೆಲಸ ನನಗೆ ಸಿಗಲಿಲ್ಲ. ಅದೊಂದೇ ಕಾರಣ ಅಂತ ಹೇಳಲಾರೆ, ಆದರೆ ಆ ಕೋಣೆಯಲ್ಲಿ ಆ ಪ್ರಶ್ನೆ ಬಂದಾಗ ನನ್ನ ಬಾಯಿ ಒಣಗಿದ್ದು ಈಗಲೂ ನೆನಪಿದೆ.

ಆದ್ದರಿಂದ ಮದುವೆ ಮನೆ ಕ್ಯಾಪ್ಟನ್ ಪತ್ರ ಬೇಡ. 26 ವರ್ಷದ ಚೀಫ್ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿ. ನಿಮ್ಮ ವಿದ್ಯಾರ್ಥಿಗಳು ಸ್ಟೇಜ್ ಚೆಕ್‌ನಲ್ಲಿ (ಸ್ಕೂಲಿನ ಒಳಗಿನ ಪರೀಕ್ಷೆ) ಹೇಗೆ ಮಾಡುತ್ತಾರೆ, ನೀವು ಬೆಳಿಗ್ಗೆ ಐದಕ್ಕೆ ಬರುತ್ತೀರಾ ಇಲ್ವಾ, ಗಾಳಿ ಜಾಸ್ತಿ ಇದ್ದ ದಿನ ಬೇಡ ಅಂತ ಹೇಳುವ ಧೈರ್ಯ ನಿಮಗಿದೆಯಾ, ಇದೆಲ್ಲ ಗೊತ್ತಿರೋದು ಅವನಿಗೆ. ವಯಸ್ಸು ಯಾರೂ ಕೇಳಲ್ಲ.

ಒಂದು ಸಮಾಧಾನದ ಮಾತು. ರೀಜನಲ್‌ಗಳು ಎಷ್ಟೋ ಸಲ ಪತ್ರ ಇಲ್ಲದೆಯೂ ಕರೆಯುತ್ತವೆ. ಪೈಪೋಟಿ ಜಾಸ್ತಿ ಇರುವ ದೊಡ್ಡ ಕಂಪನಿಗಳಲ್ಲೇ ಪತ್ರದ ತೂಕ ಹೆಚ್ಚು. ಅಲ್ಲೂ ಆ ಕಂಪನಿಯಲ್ಲೇ ಹಾರುತ್ತಿರುವ ಪೈಲಟ್ ಒಳಗಿನಿಂದ ಕೊಡುವ ಶಿಫಾರಸಿಗೆ ಮೊದಲ ಸ್ಥಾನ. ಹಾಗಂತ ಈಗ ಸುಮ್ನೆ ಕೂರಬೇಡಿ. ಇವತ್ತು ನಿಮ್ಮ ಪಕ್ಕ ಕೂತು ಹಾರುವವರೇ ನಾಳೆ ಆ ಕಂಪನಿಗಳಲ್ಲಿ ಇರುತ್ತಾರೆ.

ಯಲಹಂಕದ ಹಳಬ:

ಶಿಫಾರಸು ಅಂದರೆ ನಮ್ಮ ಕಿವಿಗೆ ಬೇರೇನೇ ಕೇಳಿಸುತ್ತದೆ, ಅಲ್ವಾ? ಶಿಫಾರಸು ಅಂದರೆ ವಶೀಲಿ, ದೊಡ್ಡವರ ಲೆಟರ್‌ಹೆಡ್ಡು, "ಇವರು ನಮ್ಮವರು, ದಯವಿಟ್ಟು ಅನುಕೂಲ ಮಾಡಿಕೊಡಿ" ಅನ್ನೋ ಎರಡು ಸಾಲು. ಚಿಕ್ಕಪ್ಪನ ಕ್ಯಾಪ್ಟನ್ ನಿಮಗೆ ಮೊದಲು ನೆನಪಾಗಿದ್ದೂ ಇದೇ ಕಾರಣಕ್ಕೆ. ನಾನು ವಾಯುಪಡೆಯಲ್ಲಿ ಸಾಗಣೆ ವಿಮಾನ ಓಡಿಸಿ ನಿವೃತ್ತನಾದವನು. ಈಗ ಇಲ್ಲೇ ಭಾರತದಲ್ಲಿ ಒಂದು ಏರ್‌ಲೈನ್‌ನಲ್ಲಿ ಕ್ಯಾಪ್ಟನ್. ವೃತ್ತಿಯ ಪತ್ರ ಅಂದರೆ ಹೆಚ್ಚುಕಡಿಮೆ ಸಾಕ್ಷಿ ಹೇಳಿದ ಹಾಗೆ. ಕಣ್ಣಾರೆ ಕಂಡವರು ಹೇಳಿದರೆ ಮಾತ್ರ ಅದು ನಿಲ್ಲುತ್ತದೆ.

ಫೇಲಾದ ವಿಷಯಕ್ಕೆ ಬರುತ್ತೇನೆ. ತಂಗಿ, ದಯವಿಟ್ಟು ಮುಚ್ಚಿಡಬೇಡ. 2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ 3407 ವಿಮಾನ ಬಿತ್ತು. ನೆಲದ ಮೇಲಿದ್ದ ಒಬ್ಬರು ಸೇರಿ 50 ಜನ ಹೋದರು. ತನಿಖೆ ಮಾಡಿದಾಗ ಆ ಕ್ಯಾಪ್ಟನ್ ಹಿಂದೆ ಚೆಕ್‌ರೈಡ್‌ಗಳಲ್ಲಿ ಫೇಲ್ ಆಗಿದ್ದು, ಅದರಲ್ಲಿ ಕೆಲವನ್ನು ಅರ್ಜಿಯಲ್ಲಿ ಹೇಳದೇ ಇದ್ದದ್ದು ಹೊರಗೆ ಬಂತು. ನೀನು ಈಗ ಎಣಿಸುತ್ತಿರುವ 1,500 ಗಂಟೆಯ ನಿಯಮ ಇದೆಯಲ್ಲ, ಅದು ಹುಟ್ಟಿದ್ದೇ ಆ ಅಪಘಾತದ ನಂತರ ಬಂದ 2010ರ ಕಾನೂನಿನಿಂದ. ಪೈಲಟ್‌ಗಳ ದಾಖಲೆ ಒಂದೇ ಕಡೆ ಇರಬೇಕು ಅಂತ ಹೇಳಿದ್ದೂ ಅದೇ ಕಾನೂನು. ಅದು ಜಾರಿಗೆ ಬರೋದು ತಡವಾಯಿತು. ಅಷ್ಟರಲ್ಲಿ 2019ರಲ್ಲಿ ಟೆಕ್ಸಾಸ್‌ನಲ್ಲಿ ಅಟ್ಲಾಸ್ ಏರ್‌ನ 767 ಸರಕು ವಿಮಾನ ಬಿದ್ದು ಮೂವರು ಸತ್ತರು. ಅಲ್ಲೂ ಅದೇ ಕಥೆ, ಫಸ್ಟ್ ಆಫೀಸರ್ ತರಬೇತಿಯಲ್ಲಿ ಎಡವಿದ್ದನ್ನು ಬೇಕಂತಲೇ ಮುಚ್ಚಿಟ್ಟಿದ್ದ. 2021ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಈ ದಾಖಲೆಗಳ ಬಗ್ಗೆ ಅಂತಿಮ ನಿಯಮ ತಂದಿತು. ಈಗ ನಿನ್ನನ್ನು ಕೆಲಸಕ್ಕೆ ತಗೊಳ್ಳುವ ಕಂಪನಿ ನಿನ್ನ ಒಪ್ಪಿಗೆ ಪಡೆದು ಪೈಲಟ್ ರೆಕಾರ್ಡ್ಸ್ ಡೇಟಾಬೇಸ್ ನೋಡಲೇಬೇಕು. ಎಂಡಿಎ ಕೆಳಗೆ ಇಳಿದ ಆ ದಿನ ಅಲ್ಲಿ ಇದ್ದೇ ಇರುತ್ತದೆ. ಇಂಟರ್ವ್ಯೂಗೆ ಮುಂಚೆ ನೀನೇ ಲಾಗಿನ್ ಆಗಿ ನಿನ್ನ ದಾಖಲೆ ನೋಡಿಕೋ.

ಆ ಫೇಲ್ ಆದ ಮೇಲೆ ನಿನ್ನನ್ನು ಮತ್ತೆ ತಯಾರು ಮಾಡಿದವರು ಯಾರು? ಅವರೇ ನಿನ್ನ ಎರಡನೇ ಪತ್ರ.

ತುಂಗಾ ತೀರ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಶಿವಮೊಗ್ಗದವನು. ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ) ಕೊಡುವ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಆಗಿದೆ, 208 ಗಂಟೆ. ಕ್ಲಾಸ್ 1 ಮೆಡಿಕಲ್ ಬೆಂಗಳೂರಿನಲ್ಲಿ ವಾಯುಪಡೆಯ ವೈದ್ಯಕೀಯ ಸಂಸ್ಥೆ ಐಎಎಂನಲ್ಲಿ ಮುಗಿಸಿದೆ. ಎಂಟು ತಿಂಗಳಿಂದ ಕೆಲಸ ಹುಡುಕುತ್ತಿದ್ದೇನೆ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ಮಾಡಿ ಓದಿಸಿದವರು. ಹೋದ ವಾರ ನನಗೂ ಹೇಳದೆ ನಮ್ಮ ಶಾಸಕರ ಹತ್ತಿರ ಹೋಗಿ ಪತ್ರ ತಂದಿದ್ದಾರೆ. ಮೂರು ಗಂಟೆ ಕಾದಿದ್ದರಂತೆ. ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ, ಮಡಚದೆ ತಂದು ಕೊಟ್ಟರು. ಇದನ್ನು ಅರ್ಜಿಗೆ ಸೇರಿಸಲಾ? ಬೇಡ ಅಂದರೆ ಅಪ್ಪನಿಗೆ ಏನಂತ ಹೇಳಲಿ?

ಯಲಹಂಕದ ಹಳಬ:

ಮಗಾ, ಆ ಪತ್ರ ಅರ್ಜಿಗೆ ಸೇರಿಸಬೇಡ. ಆದರೆ ಜೋಪಾನವಾಗಿ ಇಡು. ಅದು ನಿಮ್ಮಪ್ಪ ಕೊಟ್ಟಿದ್ದು.

ಇಲ್ಲಿ ಹೊಸಬರನ್ನು ತಗೊಳ್ಳೋದು ಬೇರೆ ರೀತಿ. ಲೈಸೆನ್ಸ್, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್, ಆರ್‌ಟಿಆರ್ (ರೇಡಿಯೋ ಬಳಸುವ ಪರವಾನಗಿ), ಮೆಡಿಕಲ್ ನೋಡುತ್ತಾರೆ. ಆಮೇಲೆ ಲಿಖಿತ ಪರೀಕ್ಷೆ, ಸೈಕೋಮೆಟ್ರಿಕ್, ಸಿಮ್ಯುಲೇಟರ್, ಇಂಟರ್ವ್ಯೂ. ಇದರಲ್ಲಿ ಯಾವ ಹಂತದಲ್ಲೂ ಪತ್ರ ಕೈ ಹಿಡಿಯೋದಿಲ್ಲ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರು ಸಿಕ್ಕಿಬಿದ್ದ ಮೇಲೆ ಡಿಜಿಸಿಎ ಲೈಸೆನ್ಸ್‌ಗಳನ್ನೆಲ್ಲ ಮತ್ತೆ ಪರಿಶೀಲನೆ ಮಾಡಿಸಿತು. ಕಾಗದ ಎಷ್ಟೇ ಚೆನ್ನಾಗಿರಲಿ, ಹಿಂದೆ ಹೋಗಿ ವಿಚಾರಿಸುವ ಅಭ್ಯಾಸ ನಮ್ಮವರಲ್ಲೂ ಇದೆ. ನಿನ್ನ ಲಾಗ್‌ಬುಕ್ಕಿನ ಒಂದೊಂದು ಸಾಲೂ ಸರಿ ಇರಲಿ, ಫ್ಲೈಯಿಂಗ್ ಸ್ಕೂಲಿನ ಸಹಿ ಮತ್ತು ಸೀಲು ಬಿಟ್ಟುಹೋಗಿಲ್ಲ ಅಂತ ನೋಡಿಕೋ.

ಅರ್ಜಿಯಲ್ಲಿ ಪರಿಚಿತರ ಹೆಸರು ಕೇಳಿದರೆ ನಿನ್ನ ಸಿಎಫ್‌ಐ (ಫ್ಲೈಯಿಂಗ್ ಸ್ಕೂಲಿನ ಮುಖ್ಯ ಬೋಧಕರು) ಹೆಸರು ಕೊಡು. ಕೊಡುವ ಮುಂಚೆ ಅವರನ್ನು ಖುದ್ದಾಗಿ ಹೋಗಿ ಕೇಳು. ಹಾರಾಟ ಬಿಟ್ಟು ಎಂಟು ತಿಂಗಳಾಗಿದೆ ಅಂದರೆ ಸಿಮ್ಯುಲೇಟರ್‌ನಲ್ಲಿ ಕೈ ತಡವರಿಸುತ್ತದೆ. ಖರ್ಚು ಮಾಡೋದಿದ್ದರೆ ಅಲ್ಲಿ ಮಾಡು. ಅಪ್ಪನಿಗೆ "ಅಪ್ಪಾ, ಇದನ್ನು ಕೇಳುವ ಜಾಗ ಅಲ್ಲಿಲ್ಲ, ಪರೀಕ್ಷೆ ಮಾತ್ರ" ಅಂತ ಹೇಳು. ಅರ್ಥ ಮಾಡಿಕೊಳ್ಳುತ್ತಾರೆ.

ಮೇಸಾ ಮೇಷ್ಟ್ರು:

ನಾನು ಅರಿಜೋನಾದವನೇ. ಇಪ್ಪತ್ತು ವರ್ಷದಿಂದ ಹಾರಾಟ ಕಲಿಸುತ್ತಿದ್ದೇನೆ. ಪತ್ರ ಕೇಳಿಕೊಂಡು ಬಂದ ಎಷ್ಟೋ ಜನರಿಗೆ ಬರೆದುಕೊಟ್ಟಿದ್ದೇನೆ, ಕೆಲವರಿಗೆ ಇಲ್ಲ ಅಂತಲೂ ಹೇಳಿದ್ದೇನೆ. ಬರೆಯುವವನ ಕಡೆಯಿಂದ ನಾಲ್ಕು ಮಾತು.

ತುಂಬಾ ಪತ್ರಗಳಲ್ಲಿ "ಇವರು ಶ್ರಮಜೀವಿ, ಪ್ರಾಮಾಣಿಕರು, ಸಮಯಕ್ಕೆ ಸರಿಯಾಗಿ ಬರುತ್ತಾರೆ" ಅಂತ ಇರುತ್ತದೆ. ಹೆಸರು ಬದಲಾಯಿಸಿದರೆ ಬ್ಯಾಂಕ್ ಕೆಲಸಕ್ಕೂ ಆಗುತ್ತದೆ. ಓದುವವರು ಮೂರನೇ ಸಾಲಿಗೇ ಬಿಟ್ಟುಬಿಡುತ್ತಾರೆ. ನಾನು ನನ್ನ ಒಬ್ಬ ಸಹೋದ್ಯೋಗಿ ಹುಡುಗಿಗೆ ಬರೆದ ಪತ್ರದ ವಿಷಯ ಹೇಳುತ್ತೇನೆ. ಅವತ್ತು ಅವಳ ವಿದ್ಯಾರ್ಥಿಗೆ ಕ್ರಾಸ್ ಕಂಟ್ರಿ (ದೂರದ ಊರಿಗೆ ಹಾರಾಟ) ಹೋಗಬೇಕಿತ್ತು. ವಿಮಾನ ಸೆಸ್ನಾ 172. ಹಾರುವ ಮುಂಚಿನ ಎಂಜಿನ್ ಪರೀಕ್ಷೆ, ಅದೇ ರನ್-ಅಪ್‌ನಲ್ಲಿ 1,800 ಆರ್‌ಪಿಎಂಗೆ ತಂದು ಮ್ಯಾಗ್ನೆಟೋ (ಪ್ಲಗ್‌ಗೆ ಕಿಡಿ ಕೊಡುವ ಸಾಧನ) ನೋಡುತ್ತೇವಲ್ಲ, ಎಡಗಡೆಯದಕ್ಕೆ ತಿರುಗಿಸಿದಾಗ 150ಕ್ಕಿಂತ ಜಾಸ್ತಿ ಬಿತ್ತು, ಎಂಜಿನ್ ಸ್ವಲ್ಪ ಕೆಮ್ಮಿತು. ಮಿಕ್ಸ್‌ಚರ್ ಎಳೆದು ಇಂಧನ ಕಡಿಮೆ ಮಾಡಿ, ಪ್ಲಗ್ ಸುಟ್ಟು ಶುಚಿಯಾಗಲಿ ಅಂತ ಒಂದು ನಿಮಿಷ ಓಡಿಸಿ ಮತ್ತೆ ನೋಡಿದಳು. ಸರಿಹೋಗಲಿಲ್ಲ. ವಿದ್ಯಾರ್ಥಿಗೆ ಮಾರನೇ ವಾರ ಚೆಕ್‌ರೈಡ್, ಅವನ ಅಪ್ಪ ಬೇರೆ ಬಂದು ಬೇಲಿ ಹತ್ತಿರ ನಿಂತಿದ್ದಾರೆ, ಸ್ಕೂಲಿನಲ್ಲಿ ಬೇರೆ ವಿಮಾನ ಖಾಲಿ ಇಲ್ಲ, ಎಲ್ಲರ ಮುಖದಲ್ಲೂ ಹೋಗಿಬಿಡೋಣ ಅನ್ನೋ ಆಸೆ ಕಾಣುತ್ತಿದೆ. ಅವಳು ಟವರ್‌ಗೆ ಹೇಳಿ ವಾಪಸ್ ತಂದು ನಿಲ್ಲಿಸಿದಳು. ಆಮೇಲೆ ಮನೆಗೆ ಹೋಗಲಿಲ್ಲ. ಮೆಕ್ಯಾನಿಕ್ ಪ್ಲಗ್ ಬಿಚ್ಚುವಾಗ ವಿದ್ಯಾರ್ಥಿಯನ್ನು ಪಕ್ಕದಲ್ಲೇ ನಿಲ್ಲಿಸಿ ತೋರಿಸಿದಳು. ಸೀಸದ ಸಣ್ಣ ಉಂಡೆಗಳು ಕಟ್ಟಿಕೊಂಡಿದ್ದವು. ಅವನು ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದದ್ದು ನನಗೆ ಕಿಟಕಿಯಿಂದ ಕಾಣುತ್ತಿತ್ತು.

ಪತ್ರದಲ್ಲಿ ಇಷ್ಟನ್ನೇ ಬರೆದೆ, ಏಳೆಂಟು ಸಾಲು. ಎಷ್ಟು ವರ್ಷದಿಂದ ಗೊತ್ತು, ಒಟ್ಟಿಗೆ ಎಷ್ಟು ಗಂಟೆ ಹಾರಿದ್ದೇವೆ ಅಂತ ಮೊದಲೇ ಹೇಳಿದ್ದೆ. ಕೊನೆಗೆ "ಈಕೆ ಓಡಿಸುವ ವಿಮಾನದಲ್ಲಿ ನನ್ನ ಹೆಂಡತಿ ಮಕ್ಕಳನ್ನು ಕೂರಿಸಿ ನಾನು ನೆಮ್ಮದಿಯಾಗಿ ಮಲಗುತ್ತೇನೆ" ಅಂತ ಸೇರಿಸಿದೆ. ಈ ಕೊನೆಯ ಮಾತು ಇಲ್ಲಿ ಎಲ್ಲರೂ ಬರೆಯುತ್ತಾರೆ. ಮೇಲಿನ ಏಳು ಸಾಲು ಇದ್ದರೆ ಮಾತ್ರ ಓದುವವರು ಅದನ್ನು ನಂಬುತ್ತಾರೆ. ಒಂದೇ ಪುಟ. ಸಹಿ, ತಾರೀಖು, ಫೋನ್ ನಂಬರ್. ಫೋನ್ ಬಂದರೆ ಎತ್ತುವವರೇ ಬರೆಯಬೇಕು.

ಬಲಗಡೆ ಸೀಟು:

ಮೇಷ್ಟ್ರೇ, ಒಂದು ಪ್ರಶ್ನೆ. ತುಂಬಾ ಜನ "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಅಂತಾರಲ್ಲ, ಅದಕ್ಕೇನು ಮಾಡೋದು? ನನಗೆ ಇಬ್ಬರು ಹಾಗೇ ಹೇಳಿದ್ದರು. ಬರೆದುಕೊಟ್ಟೆ, ಸಹಿ ಹಾಕಿದರು. ಅದರಲ್ಲಿ ತಪ್ಪೇನಿದೆ ಅಂತ ನನಗೆ ಅನಿಸಲಿಲ್ಲ. ಅವರಿಗೆ ಪುರುಸೊತ್ತಿಲ್ಲ ಅಷ್ಟೇ.

ಮೇಸಾ ಮೇಷ್ಟ್ರು:

ನಾನು ಒಪ್ಪಲ್ಲ. ನೀವು ಬರೆದ ಮೂರು ಪತ್ರ ಮೂರು ಜನರ ಸಹಿಯಲ್ಲಿ ಹೋದರೆ ಮೂರರಲ್ಲೂ ಒಂದೇ ದನಿ ಇರುತ್ತದೆ. ಅದನ್ನೇ ದಿನವಿಡೀ ಓದುವವರಿಗೆ ಗೊತ್ತಾಗದೇ ಇರುತ್ತಾ? ಇನ್ನೊಂದು ಮುಖ್ಯ ವಿಷಯ, ನಮ್ಮ ಬಗ್ಗೆ ನಾವೇ ಬರೆದುಕೊಳ್ಳುವಾಗ ಸಂಕೋಚದಿಂದ ಒಳ್ಳೇದೆಲ್ಲ ಬಿಟ್ಟುಬಿಡುತ್ತೇವೆ. ಅದರಲ್ಲೂ ನಮ್ಮ ಕಡೆಯವರು. ಆ ಮ್ಯಾಗ್ನೆಟೋ ಘಟನೆಯನ್ನು ಆ ಹುಡುಗಿ ತಾನಾಗಿ ಎಂದೂ ಬರೆಯುತ್ತಿರಲಿಲ್ಲ. ಅವಳಿಗೆ ಅದು ದೊಡ್ಡ ವಿಷಯ ಅಂತಲೇ ಅನಿಸಿರಲಿಲ್ಲ.

ಪುರುಸೊತ್ತಿಲ್ಲದವರಿಗೆ ಅರ್ಧ ಪುಟದ ನೆನಪಿನ ಚೀಟಿ ಕೊಡಿ. ಯಾವಾಗಿನಿಂದ ಪರಿಚಯ, ಒಟ್ಟಿಗೆ ಹಾರಿದ ಗಂಟೆ, ನೆನಪಿರಬಹುದಾದ ಎರಡು ಮೂರು ದಿನಗಳು, ಯಾವ ಕಂಪನಿ, ಯಾವ ತಾರೀಖಿಗೆ ಬೇಕು. ಜೊತೆಗೆ ರೆಸ್ಯುಮೆ. ಮೂರು ವಾರ ಸಮಯ ಕೊಡಿ. ವಾಕ್ಯ ಮಾತ್ರ ಅವರದ್ದೇ ಇರಲಿ.

ಬಲಗಡೆ ಸೀಟು:

ಚೀಟಿ ಕೊಡೋದು ಒಳ್ಳೇದು, ಒಪ್ಪಿದೆ. ಆದರೂ ಎಲ್ಲರಿಗೂ ನಿಮ್ಮಂಥ ಮೇಷ್ಟ್ರು ಸಿಗೋದಿಲ್ಲ. ಬೇರೆ ದಾರಿ ಇಲ್ಲದವರು ಬರೆದುಕೊಂಡು ಹೋದರೆ ನಾನು ತಪ್ಪು ಅನ್ನಲ್ಲ.

ಅರಬ್ಬೀ ಕಡಲಾಚೆ:

ನಾನು ಮಂಗಳೂರಿನವನು, ಈಗ ಗಲ್ಫ್‌ನಲ್ಲಿ ಹಾರುತ್ತಿದ್ದೇನೆ. ಚುಟುಕಾಗಿ ಹೇಳುತ್ತೇನೆ. ಭಾರತದಿಂದ ಇಲ್ಲಿಗೆ ಬರುವವರಿಗೆ ಪತ್ರ ಅಂದರೆ ಮುಖ್ಯವಾಗಿ ದೃಢೀಕರಣದ ಕಾಗದಗಳು. ಡಿಜಿಸಿಎಯಿಂದ ಲೈಸೆನ್ಸ್ ಪರಿಶೀಲನೆ, ಈಗಿನ ಕಂಪನಿಯಿಂದ ಗಂಟೆಗಳ ದೃಢೀಕರಣ, ಅಪಘಾತ ಇಲ್ಲ ಅನ್ನೋ ಪತ್ರ. ಭಾರತದಲ್ಲಿ ಕೆಲಸ ಬಿಡುವಾಗ ಕ್ಯಾಪ್ಟನ್‌ಗೆ ಒಂದು ವರ್ಷ, ಫಸ್ಟ್ ಆಫೀಸರ್‌ಗೆ ಆರು ತಿಂಗಳ ನೋಟಿಸ್ ಅಂತ 2017ರಲ್ಲಿ ಡಿಜಿಸಿಎ ನಿಯಮ ಮಾಡಿತ್ತು. ಆ ಸಮಯದಲ್ಲಿ ಹಳೇ ಕಂಪನಿಯವರ ಜೊತೆ ಮುನಿಸು ಕಟ್ಟಿಕೊಂಡರೆ ಈ ಕಾಗದಗಳು ಕೈಗೆ ಬರೋದು ತಡವಾಗುತ್ತದೆ. ನನಗೆ ಹಾಗೇ ಆಗಿ ಎರಡು ತಿಂಗಳು ಹೋಯಿತು. ಬಿಡುವ ದಿನದವರೆಗೂ ಎಲ್ಲರ ಜೊತೆ ಚೆನ್ನಾಗಿರಿ, ರೋಸ್ಟರ್ ನೋಡಿಕೊಳ್ಳುವವರ ಜೊತೆಗೂ.

ಹೇಮಾವತಿ ದಂಡೆ:

ನಾಲ್ಕು ದಿನದಿಂದ ಓದುತ್ತಲೇ ಇದ್ದೇನೆ. ಉತ್ತರಿಸೋಕೆ ತಡವಾಯಿತು. ಈಗ ಬೆಳಿಗ್ಗೆ ಎಂಟಕ್ಕೇ ರನ್‌ವೇ ಕಾದ ಹೆಂಚಿನ ಹಾಗೆ ಇರುತ್ತದೆ, ಪಾಠ ಎಲ್ಲ ನಸುಕಿನಲ್ಲೇ ಮುಗಿಸಬೇಕು. ಮನೆಗೆ ಬಂದರೆ ನಿದ್ದೆ.

ಚಿಕ್ಕಪ್ಪನಿಗೆ ಫೋನ್ ಮಾಡಿ ಬೇಡ ಅಂದೆ. ಸ್ವಲ್ಪ ಬೇಜಾರು ಮಾಡಿಕೊಂಡರು. ಆ ಕ್ಯಾಪ್ಟನ್ ಅಂಕಲ್‌ಗೆ ನಾನೇ ಫೋನ್ ಮಾಡಿ ಧನ್ಯವಾದ ಹೇಳಿದೆ. ಅವರು ಒಂಚೂರೂ ತಪ್ಪು ತಿಳಿಯದೆ ಮುಕ್ಕಾಲು ಗಂಟೆ ಇಂಟರ್ವ್ಯೂಗೆ ಹೇಗೆ ತಯಾರಾಗಬೇಕು ಅಂತ ಹೇಳಿಕೊಟ್ಟರು.

ಚೀಫ್ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿದೆ. "ನಿನಗೆ ಮನಸ್ಸಿನಿಂದ ಬರೆಯೋಕೆ ಆಗುತ್ತಾ? ಆಗಲ್ಲ ಅಂದರೂ ನನಗೆ ಬೇಜಾರಿಲ್ಲ" ಅಂದೆ. ಅವನು ನಕ್ಕು, ನೀವು ಕೇಳುತ್ತೀರಾ ಅಂತ ಎರಡು ತಿಂಗಳಿಂದ ಕಾಯುತ್ತಿದ್ದೆ ಅಂದ. ನೆನಪಿನ ಚೀಟಿ ಕೊಟ್ಟೆ. ಅದರಲ್ಲಿದ್ದ ಎರಡು ಘಟನೆ ಬಿಟ್ಟು ನಾನು ಮರೆತೇ ಹೋಗಿದ್ದ ಒಂದನ್ನು ಬರೆದಿದ್ದಾನೆ. ಒಬ್ಬ ವಿದ್ಯಾರ್ಥಿ ಲ್ಯಾಂಡಿಂಗ್ ಬರುತ್ತಿಲ್ಲ ಅಂತ ಅಳುತ್ತಾ ಕೂತಿದ್ದಾಗ ಎಂಜಿನ್ ಆಫ್ ಮಾಡಿ, ಅವನನ್ನು ರ್‍ಯಾಂಪ್ ಮೇಲೆ ನಡೆಸಿಕೊಂಡು ಹೋಗಿ, ಅರ್ಧ ಗಂಟೆ ಬೇರೆಯವರ ಲ್ಯಾಂಡಿಂಗ್ ನೋಡುತ್ತಾ ನಿಂತಿದ್ದೆವು. ಇವನು ಅದನ್ನು ಎಲ್ಲಿಂದ ನೋಡಿದನೋ.

ಎರಡನೆಯದು ಕಷ್ಟದ್ದು. ಫೇಲಾದ ಮೇಲೆ ನನಗೆ ಮತ್ತೆ ಕಲಿಸಿದವರು ಈಗ ಬೇರೆ ರಾಜ್ಯದಲ್ಲಿ ಸರಕು ವಿಮಾನ ಓಡಿಸುತ್ತಾರೆ. ಎರಡು ವರ್ಷದಿಂದ ಮಾತಿಲ್ಲ. ಕೆಲಸ ಬಿದ್ದಾಗ ಮಾತ್ರ ನೆನಪು ಮಾಡಿಕೊಂಡ ಹಾಗೆ ಆಗುತ್ತಲ್ಲ ಅಂತ ಮೆಸೇಜ್ ಮೂರು ಸಲ ಬರೆದು ಅಳಿಸಿದೆ. ಕೊನೆಗೆ ಕಳಿಸಿದೆ. ಒಂದೇ ಗಂಟೆಯಲ್ಲಿ ಉತ್ತರ ಬಂತು. ಫೇಲ್ ಆದ ವಿಷಯ ಬರೆಯಲಾ ಅಂತ ಅವರೇ ಕೇಳಿದರು. ಬರೆಯಿರಿ ಅಂದೆ. ಅವತ್ತು ಸಂಜೆಯೇ ನಾನು ಮತ್ತೆ ಹಾರಲು ಬಂದಿದ್ದು, ಅದೇ ಅಪ್ರೋಚ್ ಆರು ಸಲ ಮಾಡಿದ್ದು, ಎಂಡಿಎಗೆ ನೂರಡಿ ಮೇಲಿರುವಾಗಲೇ ಜೋರಾಗಿ ಕೂಗಿ ಹೇಳುವ ಅಭ್ಯಾಸ ಮಾಡಿಕೊಂಡಿದ್ದು, ಎಲ್ಲ ಅವರಿಗೆ ನೆನಪಿದೆ. ಪತ್ರ ಮುಂದಿನ ವಾರ ಬರುತ್ತದೆ.

ಅರ್ಜಿಯಲ್ಲಿ ಫೇಲಾದ ತಾರೀಖು ತುಂಬಿದ್ದೇನೆ. ನನ್ನ ದಾಖಲೆ ತೆಗೆದು ನೋಡಿದೆ, ಹಳಬರು ಹೇಳಿದ ಹಾಗೆ ಅದು ಅಲ್ಲೇ ಇತ್ತು. ಶಿವಮೊಗ್ಗದ ತಮ್ಮಾ, ನಿನ್ನ ವಿಷಯ ಏನಾಯಿತು?

ತುಂಗಾ ತೀರ:

ಅಕ್ಕಾ, ಶನಿವಾರ ಅಪ್ಪನ ಜೊತೆ ತೋಟಕ್ಕೆ ಹೋದಾಗ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಾಗಾದ್ರೆ ನಿನ್ನ ಕಲಿಸಿದ ಮೇಷ್ಟ್ರನ್ನ ಕೇಳು, ಅವರಿಗಿಂತ ನಿನ್ನನ್ನ ಬಲ್ಲೋರು ಯಾರಿದ್ದಾರೆ" ಅಂದರು. ನೀವೆಲ್ಲ ಇಷ್ಟುದ್ದ ಬರೆದದ್ದೂ ಇದನ್ನೇ ಅಲ್ವಾ. ಸಿಎಫ್‌ಐ ಸರ್‌ಗೆ ಫೋನ್ ಮಾಡಿದ್ದೇನೆ, ಸೋಮವಾರ ಲಾಗ್‌ಬುಕ್ ತಗೊಂಡು ಬಾ ಅಂದಿದ್ದಾರೆ. ಎರಡು ಕಡೆ ಸೀಲು ಬಿಟ್ಟುಹೋಗಿತ್ತು, ಈಗಲೇ ನೋಡಿದೆ. ಭಾನುವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ.